ವಡಕ್ಕನ್‌ಕುಳದ ಗೋಡೆ ಮತ್ತು ರಾಯಕೋಟೆಯ ಎರಡು ಸೀಮೆಗಳು

1792ರ ಶ್ರೀರಂಗಪಟ್ಟಣ ಒಪ್ಪಂದದ ಬಳಿಕ ಬಾರಾಮಹಲಿನೊಡನೆ ಕಂಪನಿಯ ಆಡಳಿತಕ್ಕೆ ಒಳಪಟ್ಟ ರಾಯಕೋಟೆಯು ಕಂದಾಯದಲ್ಲಿ ಸೇಲಂ ಜಿಲ್ಲೆಗೂ, ನ್ಯಾಯದಲ್ಲಿ 1862ರಿಂದ ಮದ್ರಾಸ್ ಹೈಕೋರ್ಟಿಗೂ ಸೇರಿತ್ತು. ಆದರೆ ರಾಯಕೋಟೆಯೂ ಸೇರಿದ ಹೊಸೂರು ಸೀಮೆಯ ಕ್ಯಾಥೋಲಿಕರು 1930ರಲ್ಲಿ ಸೇಲಂ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಅಧಿಕಾರಕ್ಕೆ ಒಳಪಟ್ಟ ಪ್ರದೇಶ, ರಚನೆಯಾಗುವವರೆಗೂ ಮೈಸೂರಿನ ಬಿಷಪ್ಪರ ಅಧೀನದಲ್ಲಿದ್ದರು. ಆದ್ದರಿಂದ ಈ ಸೀಮೆಯ ಭಕ್ತರು ತಮ್ಮ ಬಿಷಪ್ಪರ ಮೇಲೆ ದಾವೆ ಹೂಡಿದ್ದರೆ ಯಾವ ನಿಯಮ ಅನ್ವಯಿಸುತ್ತಿತ್ತು ಎಂಬುದನ್ನು ತಿಳಿಯಲು ಮೈಸೂರಿನ ಕಡತಗಳಿಗಿಂತ ಮದ್ರಾಸಿನ ತೀರ್ಪುಗಳನ್ನೇ ನೋಡಬೇಕಾಗುತ್ತದೆ.

ಅವುಗಳಲ್ಲಿ ಮುಖ್ಯವಾದದ್ದು ತಿರುನೆಲ್ವೇಲಿ ಜಿಲ್ಲೆಯ ವಡಕ್ಕನ್‌ಕುಳದ್ದು. ಅಲ್ಲಿ ಜೆಸ್ವಿಟ್ ಪಾದ್ರಿ ಕಾಸನೆಲ್ ಅವರು 1870ರ ದಶಕದಲ್ಲಿ ಕಟ್ಟಿಸಿದ ಇಗರ್ಜಿಗೆ ಬಲಿಪೀಠ ಒಂದೇ ಇದ್ದರೂ, ಪಿಳ್ಳೆ–ಮುದಲಿಯಾರ್ ಕ್ರೈಸ್ತರೂ ನಾಡಾರ್ ಮೊದಲಾದವರೂ ಪರಸ್ಪರ ಬೆರೆಯದಂತೆ ಷರಾಯಿಯ ಕಾಲುಗಳ ಹಾಗೆ ಎರಡು ಕವಲುಗಳಿದ್ದವು. 1910ರಲ್ಲಿ ತಿರುಚಿನಾಪಳ್ಳಿಯ ಬಿಷಪ್ ಬಾರ್ಥೆ ಅವರ ಕಾಲದಲ್ಲಿ ನಡುವಣ ಗೋಡೆ ಕೆಡವಲ್ಪಟ್ಟಾಗ, ಅದನ್ನು ಮತ್ತೆ ಕಟ್ಟಿಸಬೇಕೆಂದೂ ಬಲಿಪೀಠದ ಸೇವೆ ತಮಗೆ ಮಾತ್ರ ಸಲ್ಲಬೇಕೆಂದೂ ಪಿಳ್ಳೆ–ಮುದಲಿಯಾರ್ ಕ್ರೈಸ್ತರು ಸಿವಿಲ್ ದಾವೆ ಹೂಡಿದರು. ಬಿಷಪ್ಪರು ಇಲ್ಲಿ ಸಮತೆಯ ಪಕ್ಷದವರಾಗಿ ಕಾಣಿಸಿದರೂ, ನಾಲ್ಕು ದಶಕಗಳಷ್ಟು ಕಾಲ ಆ ಗೋಡೆಯನ್ನು ಸಹಿಸಿಕೊಂಡು ಬಂದದ್ದು ಅವರದೇ ಸಭೆ ಎಂಬುದನ್ನು ಮರೆಯಲಾಗದು.

ಸಿವಿಲ್ ಪ್ರಕ್ರಿಯಾ ಸಂಹಿತೆಯ (1908) 9ನೆಯ ಕಲಮಿನ ಪ್ರಕಾರ ಕೋರ್ಟು ವಿಚಾರಿಸಬಹುದಾದದ್ದು ಸಿವಿಲ್ ಸ್ವರೂಪದ ವ್ಯಾಜ್ಯಗಳನ್ನು ಮಾತ್ರ. ಆಸ್ತಿಯ ಇಲ್ಲವೇ ಹುದ್ದೆಯ ಹಕ್ಕು ತಕರಾರಿನಲ್ಲಿದ್ದರೆ, ಅದರ ನಿರ್ಣಯ ಸಂಪೂರ್ಣವಾಗಿ ಮತಾಚಾರವನ್ನೇ ಅವಲಂಬಿಸಿದ್ದರೂ ದಾವೆ ಸಿವಿಲ್ ಎನಿಸಿಕೊಳ್ಳುತ್ತದೆ. ಮೈಕೇಲ್ ಪಿಳ್ಳೆ ವಿರುದ್ಧ ಬಾರ್ಥೆ ಎಂದು ಹೆಸರಾಗಿ, ಮದ್ರಾಸ್ ತೀರ್ಪುಗಳ 39ನೆಯ ಸಂಪುಟದಲ್ಲಿ ಅಚ್ಚಾದ ಮೇಲ್ಮನವಿಯಲ್ಲಿ ಹೈಕೋರ್ಟು ವಾದಿಗಳ ಬೇಡಿಕೆಯ ಬೇರನ್ನೇ ಹುಡುಕಿತು: ಇನ್ನೊಬ್ಬರ ಸ್ಪರ್ಶದಿಂದ ದೂರವಿರುವ ಹಕ್ಕು ಮೈಲಿಗೆಯ ಕಲ್ಪನೆಯಿಂದಲ್ಲದೆ ಬೇರೆಲ್ಲಿಂದಲೂ ಹುಟ್ಟಲಾರದು, ಮೈಲಿಗೆಯನ್ನು ವಿಧಿಸುವ ಶಾಸ್ತ್ರವನ್ನು ಕ್ರೈಸ್ತರಾದವರು ಆಶ್ರಯಿಸಲಾರರು, ಆದುದರಿಂದ ಗೋಡೆ ಹೋದುದರಿಂದ ಕಾನೂನು ಗುರುತಿಸುವ ಹಾನಿ ಏನೂ ಆಗಿಲ್ಲ.

ಇದರರ್ಥ ಬಿಷಪ್ಪರು ಕೋರ್ಟಿನ ಕೈಗೆ ಸಿಗದವರೆಂದಲ್ಲ. 1874ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಸಾಮ್ರಾಜ್ಯದ ಕೊನೆಯ ಮೇಲ್ಮನವಿ ಪೀಠ, ಕೆನಡಾದ ಮಾಂಟ್ರಿಯಾಲ್‌ನಲ್ಲಿ ಚರ್ಚು ಮಣ್ಣು ನಿರಾಕರಿಸಿದ್ದ ಜೋಸೆಫ್ ಗಿಬೋರ್ ಎಂಬ ಮುದ್ರಕನ ಶವವನ್ನು ಕ್ಯಾಥೋಲಿಕ್ ಸ್ಮಶಾನದಲ್ಲೇ ಹೂಳಬೇಕೆಂದು ಆದೇಶಿಸಿತ್ತು. ಮರುವರ್ಷ ಆ ಶವಸಂಸ್ಕಾರ ನಡೆದದ್ದು ಸೈನಿಕರ ಕಾವಲಿನಲ್ಲಿ.

1930ರಲ್ಲಿ ಹೊಸೂರು ಸೀಮೆ ಸೇಲಂ ಬಿಷಪ್ಪರಿಗೂ, 1997ರಲ್ಲಿ ಧರ್ಮಪುರಿ ಬಿಷಪ್ಪರಿಗೂ ಸೇರಿ ಧರ್ಮಪ್ರಾಂತ್ಯದ ಗಡಿ ಎರಡು ಬಾರಿ ಸರಿಯಿತು. ಅಪೀಲಿನ ಕಡತ ಮಾತ್ರ ರಾಯಕೋಟೆಯಿಂದ ಇಂದಿಗೂ ಮದ್ರಾಸ್ ಹೈಕೋರ್ಟಿಗೇ ಹೋಗುತ್ತದೆ.