ಗಿಡುಗದ ಬೇಟೆಗೆ ಪರವಾನಗಿ ಉಂಟೇ?

ಗಿಡುಗವನ್ನು ಪಳಗಿಸಿ, ಅದರಿಂದ ಬೇರೆ ಹಕ್ಕಿಗಳನ್ನು ಹಿಡಿಸುವುದು ಒಂದು ಕಾಲದಲ್ಲಿ ಅರಸರ ವಿನೋದವಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಈ ‘ಶ್ಯೇನವಿನೋದ’ದ ವಿವರಗಳಿವೆ. ಇಂದಿನ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಿರುವ ಕೃಷ್ಣಾ–ತುಂಗಭದ್ರಾ ನಡುವಣ ಸೀಮೆಯೂ ಆ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು.

ಬೇಟೆಗೆ ಕಡಿವಾಣ ಹಾಕುವ ವಿಚಾರ ಅದಕ್ಕಿಂತಲೂ ಹಳೆಯದು. 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನ ಹೆಸರಿದೆ. ಅದೇ ಅಶೋಕ, ಬೇಟೆಯ ವಿಹಾರಯಾತ್ರೆ ಬಿಟ್ಟು ಧರ್ಮಯಾತ್ರೆ ಕೈಗೊಂಡುದನ್ನು ಬೇರೆಡೆಯ ಶಾಸನಗಳಲ್ಲಿ ಹೇಳಿದ್ದಾನೆ. ಗಿಳಿ, ಗೊರವಂಕ ಮೊದಲಾದ ಹಕ್ಕಿಗಳನ್ನು ಕೊಲ್ಲಬಾರದೆಂದೂ ಆತ ವಿಧಿಸಿದ್ದ.

ಸ್ವತಂತ್ರ ಭಾರತದಲ್ಲಿ ಈ ಕಡಿವಾಣ ಎರಡು ಹಂತಗಳಲ್ಲಿ ಬಿಗಿಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಲವು ಪ್ರಾಣಿ–ಪಕ್ಷಿಗಳ ಬೇಟೆಗೆ ಪರವಾನಗಿಯ ಅವಕಾಶ ಉಳಿಸಿತ್ತು. 1991ರ ತಿದ್ದುಪಡಿ ಅದನ್ನೂ ರದ್ದುಪಡಿಸಿತು. ಆದ್ದರಿಂದ ಇಂದು ವಿನೋದಕ್ಕಾಗಿ ಗಿಡುಗದ ಬೇಟೆಯಾಡಲು ಯಾವ ಕಚೇರಿಯಲ್ಲೂ ಪರವಾನಗಿ ಸಿಗದು. ಶಿಕ್ಷಣ, ವೈಜ್ಞಾನಿಕ ಸಂಶೋಧನೆಯಂಥ ಉದ್ದೇಶಗಳಿಗಷ್ಟೇ ವಿಶೇಷ ಅನುಮತಿ ಉಂಟು.

ಕಾಯ್ದೆಯ ಲೆಕ್ಕದಲ್ಲಿ ಕೊಲ್ಲುವುದಷ್ಟೇ ಬೇಟೆಯಲ್ಲ. ಬಲೆಯೊಡ್ಡಿ ಹಿಡಿಯುವುದೂ, ಗೂಡು–ಮೊಟ್ಟೆಗಳನ್ನು ಕದಲಿಸುವುದೂ ಬೇಟೆಯೇ. ಪೆರಿಗ್ರಿನ್ ಗಿಡುಗದಂಥ ಮೊದಲ ಅನುಸೂಚಿಯ ಹಕ್ಕಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ಜೊತೆಗೆ 2022ರ ತಿದ್ದುಪಡಿಯಂತೆ ಕನಿಷ್ಠ 25,000 ರೂಪಾಯಿ ದಂಡ.

ಹೊಲದ ಬದುವಿನಲ್ಲಿ ಬಿದ್ದ ಗಿಡುಗದ ಮರಿಯನ್ನು ಕನಿಕರದಿಂದ ಮನೆಗೆ ಒಯ್ದವರಿಗೂ ಅದನ್ನು ಸಾಕುವ ಹಕ್ಕು ಬರುವುದಿಲ್ಲ. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿದರೆ ಮರಿಗೂ ಕ್ಷೇಮ, ಮನೆಯವರಿಗೂ ಕ್ಷೇಮ.