ಅಳದೇ ಹಾಡಿದವನು

‘ಮೆಮರೀಸ್ ಆಫ್ ಮರ್ಡರ್’ ಸಿನಿಮಾ ನೋಡಿದ್ದೀರಾ? 2003ರದ್ದು, ಮುಂದೆ ‘ಪ್ಯಾರಸೈಟ್’ ಮಾಡಿದ ಬಾಂಗ್ ಜೂನ್-ಹೋ ನಿರ್ದೇಶಿಸಿದ್ದು. ಅದರಲ್ಲಿ ಯಾರೋ ಒಬ್ಬ ಮಳೆಯ ರಾತ್ರಿ ಹಾಕಿ ಎಂದು ರೇಡಿಯೋಗೆ ಕಾರ್ಡು ಬರೆದು ಒಂದು ಹಾಡು ಕೇಳುತ್ತಾನೆ. ಆ ಹಾಡು ಬಂದ ರಾತ್ರಿಗಳಲ್ಲೇ ಕೊಲೆ ನಡೆಯುತ್ತದೆ. ಹಾಡು ಮಾತ್ರ ಎಷ್ಟು ಮೆದು! ಸಿನಿಮಾ ಮುಗಿದ ಮೇಲೆ ನಾನು ಕೊಲೆಗಾರನನ್ನು ಮರೆತು ಆ ಹಾಡನ್ನೇ ಹುಡುಕಿಕೊಂಡು ಹೋದೆ. ಹೆಸರಿನ ಅರ್ಥ ‘ವಿಷಾದದ ಪತ್ರ’. ಬರೆದು, ರಾಗ ಹಾಕಿ, ವಾದ್ಯಗಳನ್ನು ಹೊಂದಿಸಿ, ಹಾಡಿದವನು ಯೂ ಜೇ-ಹಾ.

ಕೊರಿಯಾದವರ ವಿರಹಕ್ಕೆ ಅದಕ್ಕೂ ಮೊದಲು ಇದ್ದ ದನಿ ‘ಟ್ರಾಟ್’. ಜಪಾನೀಯರ ಆಳ್ವಿಕೆಯಲ್ಲಿ (1910-45) ಬೆಳೆದ ಹಾಡು ಅದು. ಐದು ಸ್ವರ, ಎರಡೆರಡು ಪೆಟ್ಟಿನ ನಡೆ, ನಡುಗುವ ಕಂಠ. ಅಲ್ಲಿ ಗಾಯಕಿ ನಮ್ಮ ಪರವಾಗಿ ತಾನೇ ಅತ್ತುಬಿಡುತ್ತಾಳೆ. 1964ರಲ್ಲಿ ಲೀ ಮಿ-ಜಾ ಹಾಡಿದ ‘ಕ್ಯಾಮೆಲಿಯಾ ಹುಡುಗಿ’ ಮನೆಮಾತಾಗಿತ್ತು. ಜಪಾನೀ ಛಾಯೆಯಿದೆ ಎಂದು ಅದನ್ನು ನಿಷೇಧಿಸಿದರು. ಜನ ಯಾವ ಧಾಟಿಯಲ್ಲಿ ಅಳಬೇಕೆಂಬುದನ್ನೂ ಸರಕಾರವೇ ಹೇಳುತ್ತಿದ್ದ ಕಾಲ. ನಿಷೇಧ ತೆರವಾದದ್ದು 1987ರಲ್ಲಿ. ಅದೇ ವರ್ಷ ಜೂನ್‌ನಲ್ಲಿ ಜನ ಬೀದಿಗಿಳಿದು, ಅಧ್ಯಕ್ಷನನ್ನು ತಾವೇ ಆರಿಸುವ ಹಕ್ಕು ಪಡೆದರು.

ಯೂ ಜೇ-ಹಾನ ‘ಪ್ರೀತಿಸುವ ಕಾರಣಕ್ಕೆ’ ಎಂಬ ಆಲ್ಬಮ್ ಬಂದದ್ದೂ ಆ ವರ್ಷವೇ. ಹಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚನೆ ಕಲಿತವನು, ಚೋ ಯಾಂಗ್-ಪಿಲ್‌ನಂಥ ದೊಡ್ಡ ಗಾಯಕನ ತಂಡದಲ್ಲಿ ಕೀಬೋರ್ಡ್ ನುಡಿಸಿದವನು. ಅವನ ಹಾಡಿನಲ್ಲಿ ಪಿಯಾನೋ ಇದೆ, ಪಿಟೀಲುಗಳಿವೆ, ಜಾಜ್‌ನಿಂದ ಬಂದ ಕಾರ್ಡ್‌ಗಳಿವೆ. ಆ ಕಾರ್ಡ್‌ಗಳು ಪೂರ್ತಿ ಸಂತೋಷವೂ ಅಲ್ಲ, ಪೂರ್ತಿ ದುಃಖವೂ ಅಲ್ಲ. ದನಿಯೋ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಅವನು ಅಳುವುದಿಲ್ಲ. ಅಳು ಬರುವುದು ಕೇಳುವವರಿಗೆ. ಇವನಿಗೆ ಹಾಡಲು ಬರುವುದಿಲ್ಲ, ಶ್ರುತಿ ನಿಲ್ಲುವುದಿಲ್ಲ ಎಂದು ಆಗ ಆಡಿಕೊಂಡವರಿದ್ದರು. ಕೊರಿಯಾದ ಬ್ಯಾಲಡ್‌ಗೆ ಮುಂದೆ ಮಾದರಿಯಾದದ್ದು ಈ ದನಿಯೇ. ಕೊನೆಯ ಪಲ್ಲವಿಯಲ್ಲಿ ಶ್ರುತಿ ಏರಿಸಿ ಎದೆ ತುಂಬಿ ಕೂಗುವ ಬ್ಯಾಲಡ್‌ಗಳು ಆಮೇಲೆ ಬೇಕಾದಷ್ಟು ಬಂದವು. ಆದರೂ ಅವುಗಳ ಮೊದಲ ಸಾಲುಗಳಲ್ಲಿ, ಬರಿಯ ಪಿಯಾನೋ ಜೊತೆ ಪಿಸುಗುಟ್ಟುವಾಗ, ಇವನ ನೆರಳು ಕಾಣುತ್ತದೆ.

ಇದ್ಯಾವುದನ್ನೂ ಅವನು ನೋಡಲಿಲ್ಲ. 1987ರ ನವೆಂಬರ್ 1ರಂದು ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 25. ಅವನು ನುಡಿಸುತ್ತಿದ್ದ ಇನ್ನೊಂದು ತಂಡದ ಗಾಯಕ ಕಿಮ್ ಹ್ಯುನ್-ಸಿಕ್ ಸತ್ತದ್ದೂ ನವೆಂಬರ್ 1ರಂದೇ, 1990ರಲ್ಲಿ.

ಉಳಿದದ್ದು ಒಂದೇ ಆಲ್ಬಮ್, ಒಂಬತ್ತು ರಚನೆಗಳು. ಮನೆಯವರು ಅವನ ಹೆಸರಿನಲ್ಲಿ ವಿದ್ಯಾರ್ಥಿವೇತನದ ನಿಧಿ ಇಟ್ಟರು. 1989ರಿಂದ ಹೊಸಬರಿಗಾಗಿ ಹಾಡಿನ ಸ್ಪರ್ಧೆ ಶುರುವಾಯಿತು. ಅಲ್ಲಿ ಬಹುಮಾನ ಪಡೆದವರಲ್ಲಿ ಬಾಂಗ್ ಸಿ-ಹ್ಯುಕ್ ಒಬ್ಬ. ನಿಮ್ಮ ಮನೆಯ ಮಕ್ಕಳು ಹುಚ್ಚು ಹಿಡಿದು ಕೇಳುವ ಬಿಟಿಎಸ್ ತಂಡವನ್ನು ಕಟ್ಟಿದವನು ಅವನೇ.

ಮಳೆ ಬರುವ ದಿನ ನೀವೂ ಆ ‘ಪತ್ರ’ ಕೇಳಿ ನೋಡಿ. ಹೆದರಬೇಡಿ, ಅದು ಬರೀ ಹಾಡು.