ಫೋರ್ಟಿನ ಕಾಳಗವನ್ನು ಬರೆದವರು

ಮುಂಬಯಿ ಫೋರ್ಟಿನ ಟೌನ್‌ಹಾಲಿನ ಬೆನ್ನಿಗೇ ನೌಕಾಪಡೆಯ ಐಎನ್‌ಎಸ್ ಆಂಗ್ರೆ ಇದೆ. ಈಸ್ಟ್ ಇಂಡಿಯಾ ಕಂಪೆನಿ 1668ರಲ್ಲಿ ಮುಂಬಯಿಯನ್ನು ವಹಿಸಿಕೊಂಡ ಮೇಲೆ ಇಲ್ಲಿದ್ದ ಪೋರ್ಚುಗೀಸರ ಕಾಲದ ಮನೆಯ ಸುತ್ತ ಕೋಟೆ ಬೆಳೆಯಿತು. ಅದೇ ಬಾಂಬೆ ಕ್ಯಾಸಲ್. 1689ರಲ್ಲಿ ಜಂಜೀರದ ಸಿದ್ದಿ ಯಾಕೂತ್ ಖಾನ್ ದ್ವೀಪಕ್ಕೆ ನುಗ್ಗಿ ಕಂಪೆನಿಯವರನ್ನು ಇದರೊಳಗೇ ಕೂಡಿಹಾಕಿದ್ದ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಊರ ಸುತ್ತಲಿನ ಕೋಟೆಗೋಡೆಯನ್ನು ಕೆಡವಿಸಿದ ಮೇಲೂ ಬಡಾವಣೆಗೆ ಫೋರ್ಟ್ ಎಂಬ ಹೆಸರು ಉಳಿಯಿತು. ಆದರೆ ಈ ಬಂದರು ನಗರದ ದೊಡ್ಡ ಕಾಳಗ ನಡೆದದ್ದು 1946ರ ಫೆಬ್ರವರಿ 21ರಂದು, ಆಗ ಕ್ಯಾಸಲ್ ಬ್ಯಾರಕ್ಸ್ ಎನಿಸಿಕೊಂಡಿದ್ದ ಈ ಆವರಣದಲ್ಲೇ.

ಕೊಲಾಬಾದ ‘ತಲವಾರ್’ ಸಂಕೇತ ತರಬೇತಿ ಕೇಂದ್ರದಲ್ಲಿ ಫೆಬ್ರವರಿ 18ರಂದು ರಾಯಲ್ ಇಂಡಿಯನ್ ನೇವಿಯ (ಆರ್‌ಐಎನ್) ನಾವಿಕರು ಊಟ ಬಿಟ್ಟು ಮುಷ್ಕರ ಹೂಡಿದರು. ಕೆಟ್ಟ ಊಟ, ಕೇಂದ್ರದ ಮುಖ್ಯಸ್ಥ ಕಮಾಂಡರ್ ಕಿಂಗ್ ಬಾಯಿಂದ ಬಂದ ಬೈಗುಳ, ಬಿಳಿಯರಿಗೊಂದು ಕರಿಯರಿಗೊಂದು ಎಂಬ ತಾರತಮ್ಯ ಇವೆಲ್ಲ ಮೊದಲೇ ಮಡುಗಟ್ಟಿದ್ದವು. ಎಂ. ಎಸ್. ಖಾನ್ ಅಧ್ಯಕ್ಷ, ಮದನ್ ಸಿಂಗ್ ಉಪಾಧ್ಯಕ್ಷರಾಗಿ ಮುಷ್ಕರ ಸಮಿತಿ ರಚನೆಯಾಯಿತು. 78 ಹಡಗು, ಸುಮಾರು 20 ಸಾವಿರ ನಾವಿಕರಿಗೆ ಚಳವಳಿ ಹಬ್ಬಿತು. 21ರ ಬೆಳಿಗ್ಗೆ ಕ್ಯಾಸಲ್ ಬ್ಯಾರಕ್ಸ್ ಬಾಗಿಲಲ್ಲಿ ಸೈನ್ಯದ ಕಾವಲು ನಿಂತಿತು. ಹೊರಗೆ ಬರಲು ನೋಡಿದ ನಾವಿಕರ ಮೇಲೆ ಗುಂಡು ಹಾರಿತು. ಒಳಗಿದ್ದವರು ಆಯುಧಾಗಾರ ಒಡೆದು ಬಂದೂಕು ಹಿಡಿದರು. ಸುಮಾರು ಏಳು ಗಂಟೆ ಕಾದಾಟ ನಡೆಯಿತು. ಬಂದರಿನಲ್ಲಿದ್ದ ಹಡಗುಗಳ ತೋಪುಗಳು ದಡದತ್ತ ತಿರುಗಿ ನಿಂತವು. ನೌಕಾಪಡೆಯೇ ನಾಶವಾದರೂ ಸರಿ, ಬಗ್ಗಿಸದೆ ಬಿಡುವುದಿಲ್ಲ ಎಂದು ಪಡೆಯ ಮುಖ್ಯಸ್ಥ ವೈಸ್ ಅಡ್ಮಿರಲ್ ಗಾಡ್‌ಫ್ರೆ ರೇಡಿಯೋದಲ್ಲಿ ಎಚ್ಚರಿಸಿದರು. ಅತ್ತ ಊರಿನ ಜನ ಹಣ್ಣು, ಹಾಲು, ಬ್ರೆಡ್ಡು ಹೊತ್ತು ಗೇಟ್‌ವೇ ಆಫ್ ಇಂಡಿಯಾದ ಕಡೆ ಬಂದರು. ಅಂಗಡಿಯವರೂ ಹೋಟೆಲಿನವರೂ ದುಡ್ಡು ಕೇಳದೆ ಕೊಟ್ಟರು. ವಲ್ಲಭಭಾಯಿ ಪಟೇಲರ ಸಲಹೆಯಂತೆ ನಾವಿಕರು 23ರ ಬೆಳಿಗ್ಗೆ ಶರಣಾದರು.

ಈ ಕಾಳಗದ ಮೊದಲ ಬರಹ ಪತ್ರಿಕೆಗಳದ್ದು. ಫೋರ್ಟಿನಲ್ಲೇ ಅಚ್ಚಾಗುತ್ತಿದ್ದ, ಎಸ್. ಸದಾನಂದರ ‘ಫ್ರೀ ಪ್ರೆಸ್ ಜರ್ನಲ್’ ನಾವಿಕರ ಪರವಾಗಿ ನಿಂತಿತು. ಎರಡನೆಯದು ಸರಕಾರದ್ದು. ಪಟ್ನಾದ ಮುಖ್ಯ ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ ಅಧ್ಯಕ್ಷತೆಯ ವಿಚಾರಣಾ ಆಯೋಗ ಅದೇ ವರ್ಷ ವರದಿ ಬರೆಯಿತು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಎರಡು ಸಾವಿರವೂ ಇಲ್ಲದ ಪಡೆ 20 ಸಾವಿರ ಮೀರಿ ಬೆಳೆದದ್ದು, ಭರ್ತಿಯ ಹೊತ್ತಿನ ಮಾತು ಸುಳ್ಳಾದದ್ದು, ಅಧಿಕಾರಿಗಳ ನಡತೆ ಎಲ್ಲವೂ ಅದರಲ್ಲಿವೆ. ಮುಂದೆ ಬರೆದವರೆಲ್ಲ ಒಪ್ಪಲಿ ಬಿಡಲಿ, ಈ ವರದಿಯಿಂದಲೇ ಹೊರಟರು. ಅದರ ದೋಷವೂ ಹೀಗೆಯೇ ಮುಂದುವರಿಯಿತು: ಅದು ನೋಡಿದ್ದು ಪಡೆಯ ಒಳಗನ್ನು, ಊರನ್ನಲ್ಲ.

ಸ್ವಾತಂತ್ರ್ಯದ ನಂತರ ಎರಡು ದಶಕ ಈ ಕಥೆಯನ್ನು ಕಾಪಿಟ್ಟವರು ಮುಖ್ಯವಾಗಿ ಎಡಪಂಥೀಯರು. ಕೆಲಸ ಕಳೆದುಕೊಂಡ ನಾವಿಕರ ಹೆಸರಿನಲ್ಲಿ 1954ರಲ್ಲಿ ‘ದಿ ಆರ್‌ಐಎನ್ ಸ್ಟ್ರೈಕ್’ ಬಂತು. 1965ರಲ್ಲಿ ಉತ್ಪಲ್ ದತ್ ಕಲ್ಕತ್ತದ ಮಿನರ್ವಾ ರಂಗಮಂದಿರದಲ್ಲಿ ‘ಕಲ್ಲೋಲ್’ ಆಡಿಸಿದರು. ಪತ್ರಿಕೆಗಳು ಜಾಹೀರಾತು ನಿರಾಕರಿಸಿದವು, ನಾಟಕಕಾರರೇ ಜೈಲು ಸೇರಿದರು, ಆದರೂ ಜನ ನುಗ್ಗಿ ನೋಡಿದರು. ಇತಿಹಾಸದ ವಿದ್ವಾಂಸರು ಇನ್ನೂ ಸುಮ್ಮನಿದ್ದ ಕಾಲದಲ್ಲಿ ರಂಗಭೂಮಿ ಆ ಕೆಲಸ ಮಾಡಿತು.

1971ರಲ್ಲಿ ಬಿ. ಸಿ. ದತ್ ಅವರ ‘ಮ್ಯುಟಿನಿ ಆಫ್ ದಿ ಇನೊಸೆಂಟ್ಸ್’ ಪ್ರಕಟವಾಯಿತು. ನನ್ನ ಲೆಕ್ಕದಲ್ಲಿ ಈ ವಿಷಯದ ಅತಿ ಮುಖ್ಯ ಪುಸ್ತಕ ಇದೇ. ದತ್ ತಲವಾರಿನ ಟೆಲಿಗ್ರಾಫಿಸ್ಟ್. ಗೋಡೆಗಳ ಮೇಲೆ ಬ್ರಿಟಿಷ್ ವಿರೋಧಿ ಘೋಷಣೆ ಬರೆದು ಮುಷ್ಕರಕ್ಕೆ ಮುಂಚೆಯೇ ಸೆರೆಸಿಕ್ಕವರು. ಸೇವೆಯಿಂದ ಹೊರಬಿದ್ದ ಮೇಲೆ ಫ್ರೀ ಪ್ರೆಸ್‌ನಲ್ಲೇ ಪತ್ರಕರ್ತರಾದರು. ಊಟಕ್ಕಾಗಿ ಕೆರಳಿದ ಹುಡುಗರೆಂದು ಸರಕಾರವೂ, ಕ್ರಾಂತಿಯ ಸೈನಿಕರೆಂದು ಕಮ್ಯುನಿಸ್ಟ್ ಪಕ್ಷವೂ ಹೇಳುತ್ತಿದ್ದ ಹೊತ್ತಿನಲ್ಲಿ, ಯುದ್ಧ ನೋಡಿ ಬಂದ, ಮುಂದೇನೆಂದು ತಿಳಿಯದ ತರುಣರ ಮನಸ್ಸನ್ನು ಅವರು ಒಳಗಿನಿಂದ ತೋರಿಸಿದರು.

1976ರಲ್ಲಿ ಬ್ರಿಟಿಷ್ ಸರಕಾರದ ‘ಟ್ರಾನ್ಸ್‌ಫರ್ ಆಫ್ ಪವರ್’ ಮಾಲೆಯ ಆರನೆಯ ಸಂಪುಟ ಆ ತಿಂಗಳುಗಳ ಗುಪ್ತ ಕಡತಗಳನ್ನು ಎಲ್ಲರ ಕೈಗಿಟ್ಟಿತು. ಆ ಬಳಿಕ ವಾದ ಬಿಸಿಯೇರಿತು. 1981ರಲ್ಲಿ ಇತಿಹಾಸಕಾರ ರೊನಾಲ್ಡ್ ಸ್ಪೆಕ್ಟರ್ ಇದನ್ನು ವಸಾಹತು ಸೇನೆಯ ಒಗ್ಗಟ್ಟು ಸಡಿಲವಾದ ಪ್ರಸಂಗವಾಗಿ ಓದಿದರು. ಮರುವರ್ಷ ಸುಮಿತ್ ಸರ್ಕಾರ್ ಜನಚಳವಳಿಗೂ ನಾಯಕತ್ವಕ್ಕೂ ನಡುವಿನ ಬಿರುಕನ್ನು ಮುಂದೊತ್ತಿದರು: ಸಂಧಾನದ ಹಾದಿ ಹಿಡಿದಿದ್ದ ನಾಯಕರಿಗೆ ಬೀದಿಯ ಕಾವು ಬೇಡವಾಗಿತ್ತು ಎಂಬುದು ಅವರ ನಿಲುವು. 1988ರಲ್ಲಿ ಬಿಪನ್ ಚಂದ್ರ ಮತ್ತು ಸಂಗಡಿಗರ ಪುಸ್ತಕ ಇದಕ್ಕೆ ಉತ್ತರ ಕೊಟ್ಟಿತು. ಇದು ಕೆಲವು ನಗರಗಳಿಗೆ ಸೀಮಿತವಾದ ಸಿಟ್ಟು, ಕಾಂಗ್ರೆಸ್ಸಿನ ದಶಕಗಳ ದುಡಿಮೆಯಿಂದಲೇ ಹುಟ್ಟಿದ್ದು ಎಂದಿತು. ಸರ್ಕಾರರ ಕಡೆಗೇ ನನ್ನ ಒಲವು. ಆದರೆ ಇಬ್ಬರ ಕಣ್ಣೂ ನಾಯಕರ ಮೇಲೆಯೇ ಹೆಚ್ಚಾಗಿ ನೆಟ್ಟಿತ್ತು ಎಂಬುದನ್ನೂ ಹೇಳಬೇಕು.

ಇದೇ ಸರ್ಕಾರ್ ಸಂಪಾದಿಸಿದ 1946ರ ದಾಖಲೆಗಳ ‘ಟುವರ್ಡ್ಸ್ ಫ್ರೀಡಂ’ ಸಂಪುಟವನ್ನು 2000ದಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಅಚ್ಚಿನ ಮನೆಯಿಂದ ಹಿಂದಕ್ಕೆ ಪಡೆಯಿತು. ಅದು ಓದುಗರಿಗೆ ಸಿಗಲು 2007 ಬರಬೇಕಾಯಿತು. ಇಂಥ ದಾಖಲೆ ಕೈಗೆ ಸಿಗದಿದ್ದಾಗ ಕೇಳಿದ ಮಾತು ಪುರಾವೆಯಾಗಿಬಿಡುತ್ತದೆ. ಬ್ರಿಟಿಷರು ಹೊರಡಲು ನಾವಿಕರ ಬಂಡಾಯವೂ ಒಂದು ಮುಖ್ಯ ಕಾರಣ ಎಂದು ಬ್ರಿಟನ್ನಿನ ಮಾಜಿ ಪ್ರಧಾನಿ ಆಟ್ಲಿ 1956ರಲ್ಲಿ ಕಲ್ಕತ್ತದಲ್ಲಿ ನ್ಯಾಯಮೂರ್ತಿ ಪಿ. ಬಿ. ಚಕ್ರವರ್ತಿಯವರಿಗೆ ಹೇಳಿದರಂತೆ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಅದಕ್ಕೆ ಆಧಾರ ಇಪ್ಪತ್ತು ವರ್ಷದ ಬಳಿಕ ಬರೆದ ಒಂದು ಪತ್ರ. ಅದೂ ಅಲ್ಲದೆ, ಸಂಪುಟ ಸಚಿವರ ನಿಯೋಗವನ್ನು (ಕ್ಯಾಬಿನೆಟ್ ಮಿಷನ್) ಭಾರತಕ್ಕೆ ಕಳಿಸುವ ಸುದ್ದಿಯನ್ನು ಆಟ್ಲಿ ಸರಕಾರ ಸಾರಿದ್ದು ಫೆಬ್ರವರಿ 19ರಂದು, ಕ್ಯಾಸಲ್ ಬ್ಯಾರಕ್ಸಿನಲ್ಲಿ ಗುಂಡು ಹಾರುವ ಎರಡು ದಿನ ಮೊದಲು. ನಾವಿಕರ ಹಿರಿಮೆಗೆ ಆ ಪತ್ರದ ಆಸರೆ ಬೇಕಾಗಿಯೂ ಇಲ್ಲ.

ಈಚಿನ ಹತ್ತು ವರ್ಷ ಫಸಲಿನ ಕಾಲ. ಅನಿರುದ್ಧ ದೇಶಪಾಂಡೆ ಅವರ ಪುಸ್ತಕ 2016ರಲ್ಲೂ ಪ್ರಮೋದ್ ಕಪೂರ್ ಅವರದು 2022ರಲ್ಲೂ ಬಂದವು. 2017ರಲ್ಲಿ ಕಲಾವಿದ ವಿವಾನ್ ಸುಂದರಂ, ಆಶಿಶ್ ರಾಜಾಧ್ಯಕ್ಷ ಮೊದಲಾದವರ ಜತೆ ಸೇರಿ ಫೋರ್ಟಿನ ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯದಲ್ಲಿ ಹಡಗಿನ ಒಡಲಿನಂಥ ಉಕ್ಕಿನ ಕಂಟೇನರು ನಿಲ್ಲಿಸಿ, ಅದರೊಳಗೆ ಆ ದಿನಗಳ ಮಾತನ್ನು ಧ್ವನಿಯಾಗಿ ಕೇಳಿಸಿದರು. 476 ಮಂದಿಯನ್ನು ಹೊರಹಾಕಿದ್ದ ಪಡೆಯ ವಾರಸುದಾರರಾದ ಭಾರತೀಯ ನೌಕಾಪಡೆಯೇ 2022ರ ಗಣರಾಜ್ಯೋತ್ಸವದ ಸ್ತಬ್ಧಚಿತ್ರದಲ್ಲಿ ಈ ಬಂಡಾಯವನ್ನು ಮುಂದಿಟ್ಟು ಮೆರವಣಿಗೆ ಹೊರಟಿತು.

ಉಳಿದಿರುವ ಕೆಲಸ ಫೋರ್ಟಿನ ಆಚೆಗಿದೆ. ಫೆಬ್ರವರಿ 22ರಂದು ಕಮ್ಯುನಿಸ್ಟ್ ಪಕ್ಷ ಕರೆದ ಹರತಾಳಕ್ಕೆ ಗಿರಣಿಗಳು ಮುಚ್ಚಿದವು. ಮುಂಬಯಿಯ ಬೀದಿಗಳಲ್ಲಿ ಪೊಲೀಸರೂ ಸೈನ್ಯವೂ ಹಾರಿಸಿದ ಗುಂಡಿಗೆ ಸರಕಾರಿ ಲೆಕ್ಕದಲ್ಲೇ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕಾಳಗದಲ್ಲಿ ಸತ್ತ ನಾವಿಕರಿಗಿಂತ ಇವರು ಎಷ್ಟೋ ಪಾಲು ಹೆಚ್ಚು. ಪಡೆಯವರ ನೆತ್ತರೂ ಬೀದಿಯ ಜನರ ನೆತ್ತರೂ ಮೊದಲ ಸಲ ಒಂದಾಗಿ ಹರಿಯಿತು ಎಂದು ಮುಷ್ಕರ ಸಮಿತಿ ತನ್ನ ಕೊನೆಯ ಹೇಳಿಕೆಯಲ್ಲಿ ಸಾರಿತ್ತು. ಬೀದಿಯಲ್ಲಿ ಸತ್ತವರ ಪೈಕಿ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಪರೇಲಿನ ಕಮಲ್ ದೋಂಡೆ ಅವರದು. ಮಿಕ್ಕವರು ಹೆಚ್ಚಾಗಿ ಅಂಕಿಯಾಗಿಯೇ ಬರುತ್ತಾರೆ. ಮೀನಾ ಮೆನನ್, ನೀರಾ ಅಡಾರ್ಕರ್ 2004ರಲ್ಲಿ ಗಿರಣಿಗಳ ಬಡಾವಣೆಯಾದ ಗಿರಣಗಾಂವಿನ ಕಾರ್ಮಿಕರ ಮಾತುಗಳನ್ನು ಕೂಡಿಸಿ ದಾರಿ ಹಾಕಿಕೊಟ್ಟಿದ್ದಾರೆ. ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದ ಕಡತಗಳನ್ನೂ, ಚಾಳುಗಳಲ್ಲಿ ಅಜ್ಜಿಯರಿಂದ ಮೊಮ್ಮಕ್ಕಳಿಗೆ ಬಂದ ನೆನಪನ್ನೂ, ಊರಿನಿಂದ ಬಂದು ಫೋರ್ಟಿನ ಹೋಟೆಲು, ಕಚೇರಿಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮವರ ಮನೆಮಾತುಗಳನ್ನೂ ಜೊತೆಗಿಟ್ಟು ಓದಿದರೆ ಆ ಅಂಕಿಗೆ ಹೆಸರು, ಕಸುಬು, ಮನೆ ಸಿಗಬಹುದು.